ಸೊಂಟ ನೋವೆಂಬ ಅಡ್ಡಹೆಸರು

ನಮ್ಮ ಚಿಕ್ಕಮ್ಮನಿಗೆ ಐದಾರು ವರ್ಷ ಸೊಂಟ ನೋವಿತ್ತು. ಮೆಡಿಕಲ್ ಸ್ಟೋರಿನವನು ಕೊಟ್ಟ ಮಾತ್ರೆ, ಯಾರೋ ತಂದುಕೊಟ್ಟ ಎಣ್ಣೆ, ಸೊಂಟಕ್ಕೆ ಬಿಗಿಯುವ ಬೆಲ್ಟು, ಎಲ್ಲ ಆಯಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಕೊನೆಗೊಂದು ಸಲ ನಾನೇ ಜೊತೆಗೆ ಹೋದೆ. ಲೇಡಿ ಡಾಕ್ಟರು ಸಮಾಧಾನವಾಗಿ ಕೇಳಿದರು, "ಬೇರೆ ಏನಾದ್ರೂ ತೊಂದ್ರೆ ಇದೆಯೇನಮ್ಮ?" "ಇಲ್ಲ ತಾಯಿ, ಇಷ್ಟೇಯ." ಚೀಟಿ ತಗೊಂಡು ಎದ್ದಳು. ಬಾಗಿಲ ತನಕ ಹೋಗಿ, ಚಿಲಕದ ಮೇಲೆ ಕೈಯಿಟ್ಟವಳು ಅಲ್ಲೇ ನಿಂತು ನನಗೆ ಹೇಳಿದಳು, "ನೀನು ಸ್ವಲ್ಪ ಹೊರಗಿರಪ್ಪ."

ಹತ್ತು ನಿಮಿಷ ಕಳೆದು ಆಚೆ ಬಂದಾಗ ಅವಳ ಕೈಯಲ್ಲಿ ಬೇರೆಯದೇ ಚೀಟಿ ಇತ್ತು. ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಹೇಳಿದಳು: "ಗರ್ಭಕೋಶ ಕೆಳಕ್ಕೆ ಇಳಿದೈತಂತೆ." ಮೂರನೇ ಹೆರಿಗೆಯಾದ ಮೇಲಿನಿಂದ ಅವಳಿಗೆ ಅದು ಗೊತ್ತಿತ್ತು. ಸ್ನಾನ ಮಾಡುವಾಗ ಕೈಗೆ ಸಿಗುತ್ತಿತ್ತು. ಕೆಮ್ಮಿದರೆ, ನಕ್ಕರೆ, ಕೊಡ ಎತ್ತಿದರೆ ಸೀರೆ ಒದ್ದೆಯಾಗುತ್ತಿತ್ತು. ಇಷ್ಟು ವರ್ಷವೂ ಅದಕ್ಕೆ ಅವಳು ಕೊಟ್ಟ ಹೆಸರು ಸೊಂಟ ನೋವು.

ಕನ್ನಡದಲ್ಲಿ ಆ ಭಾಗಕ್ಕೆ ಪದಗಳು ಕಡಿಮೆಯೇನಿಲ್ಲ. ಒಂದು ಕಡೆ ಬೈಗುಳದವು, ಇನ್ನೊಂದು ಕಡೆ ಪಠ್ಯಪುಸ್ತಕದ ಸಂಸ್ಕೃತದವು. ಡಾಕ್ಟರ ಮುಂದೆ ಕೂತವರಿಗೆ ಮೊದಲನೆಯವನ್ನು ಆಡಲಾಗುವುದಿಲ್ಲ, ಎರಡನೆಯವು ನಾಲಿಗೆಗೆ ಹೊರಳುವುದಿಲ್ಲ. ಉಳಿಯುವುದು 'ಕೆಳಗೆ', 'ಅಲ್ಲಿ', 'ಆ ಜಾಗ'. ಅದೂ ಬಾಯಿಗೆ ಬಾರದಾಗ ಒಂದು ಅಡ್ಡಹೆಸರು. ಹೆಂಗಸರಿಗೆ ಸೊಂಟ ನೋವು, ಹುಡುಗರಿಗೆ ಹೊಟ್ಟೆನೋವು, ಗಂಡಸರಿಗೆ ನಿಶ್ಶಕ್ತಿ, ಮುದುಕರಿಗೆ ನಿದ್ದೆ ಬಾರದ ಕಾಯಿಲೆ. ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. ಚಿಕ್ಕಮ್ಮ ಐದು ವರ್ಷ ನುಂಗಿದ ನೋವಿನ ಮಾತ್ರೆ ಅವಳ ಹೊಟ್ಟೆಯನ್ನು ಉರಿಸಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ.

ನಮ್ಮ ಸೊಂಟದ ಮೂಳೆಗಳು ಸೇರಿ ಒಂದು ಬಟ್ಟಲಿನ ಆಕಾರವಾಗಿದೆ. ಆದರೆ ಆ ಬಟ್ಟಲಿಗೆ ತಳವಿಲ್ಲ. ಅಲ್ಲಿ ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ, ಮಗುವನ್ನು ಮಲಗಿಸುವ ಸೀರೆಯ ಜೋಲಿಯಂತೆ, ಸ್ನಾಯುಗಳು ಬಿಗಿದುಕೊಂಡಿವೆ. ಮೂತ್ರಕೋಶ, ಗರ್ಭಕೋಶ, ಮಲಾಶಯ ಮೂರೂ ಕೂತಿರುವುದು ಈ ಜೋಲಿಯ ಮೇಲೆ. ಗಂಡಸರಿಗೂ ಜೋಲಿ ಇದೆ, ಗರ್ಭಕೋಶವಿಲ್ಲ ಅಷ್ಟೇ. ನಿಂತಾಗ, ಕೆಮ್ಮಿದಾಗ, ಮೂಟೆ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡವೆಲ್ಲ ಬೀಳುವುದು ಇದರ ಮೇಲೆ. ಹೆರಿಗೆಯಲ್ಲಿ ಇದು ತೀರ ಎಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಕಾಡುವ ಕೆಮ್ಮು, ಮುಕ್ಕಿರಿಯಬೇಕಾದ ಮಲಬದ್ಧತೆ, ಮೈ ತೂಕ, ಹೆರಿಗೆಯಾದ ಕೆಲವೇ ದಿನಕ್ಕೆ ಹೊತ್ತ ನೀರು, ಸೌದೆ, ಹುಲ್ಲಿನ ಹೊರೆ, ಇವೆಲ್ಲ ಸೇರಿ ಜೋಲಿಯನ್ನು ಸಡಿಲ ಮಾಡುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಕಡಿಮೆಯಾಗಿ ಉಳಿದ ಬಿಗಿಯೂ ಇಳಿಯುತ್ತದೆ.

ಇಲ್ಲಿ ನಮ್ಮ ಬಾಣಂತನದ ಬಗ್ಗೆ ಒಂದು ಮಾತು. ಹೆತ್ತವಳನ್ನು ತಿಂಗಳುಗಟ್ಟಲೆ ಭಾರದ ಕೆಲಸಕ್ಕೆ ಬಿಡದೆ ಕೂರಿಸಿದ ಹಳಬರ ಬುದ್ಧಿ ದೊಡ್ಡದು. ಜೋಲಿಗೆ ಬೇಕಾದದ್ದೂ ಅದೇ ಬಿಡುವು. ಆದರೆ ಅದೇ ಹಳಬರು ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಶೀತವಾಗುತ್ತದೆ ಎಂದು ಲೋಟ ಲೆಕ್ಕ ಮಾಡಿ ಕೊಡುತ್ತಿದ್ದರು. ಈಗಲೂ ಕೊಡುವವರಿದ್ದಾರೆ. ಹಾಲೂಡಿಸುವ ಮೈಗೆ ನೀರು ಹೆಚ್ಚೇ ಬೇಕು. ಕಡಿಮೆಯಾದರೆ ಮಲ ಗಟ್ಟಿ, ಮೂತ್ರ ಉರಿ. ಹೊಲಿಗೆ ಹಾಕಿದ ಜಾಗದಲ್ಲಿ ಮುಕ್ಕಿರಿಯುವ ಹಿಂಸೆ ಬೇರೆ. ಬಿಡುವನ್ನು ಉಳಿಸಿಕೊಂಡು ನೀರಿನ ಲೆಕ್ಕವನ್ನು ಬಿಟ್ಟರೆ ನಮ್ಮ ಬಾಣಂತನಕ್ಕೆ ಸಮ ಇನ್ನೊಂದಿಲ್ಲ.

ಸಡಿಲವಾದದ್ದು ಮತ್ತೆ ಬಿಗಿಯಾಗುತ್ತದೆಯೇ? ಬಹಳ ಮಟ್ಟಿಗೆ ಆಗುತ್ತದೆ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಲ್ಡ್ ಕೆಗೆಲ್ 1948ರಲ್ಲಿ ಬರೆದು ಪ್ರಕಟಿಸಿದ ವ್ಯಾಯಾಮ ಇಂದಿಗೂ ಮೊದಲ ಮದ್ದು. ನಾಲ್ಕು ಜನರ ನಡುವೆ ಕೂತಾಗ ಹೊರಡಲಿರುವ ಗಾಳಿಯನ್ನು ತಡೆಯುತ್ತೇವಲ್ಲ, ಆಗ ಒಳಗೆ ಮೇಲಕ್ಕೆ ಸೆಳೆದುಕೊಳ್ಳುವುದೇ ಆ ಸ್ನಾಯು. ಐದು ಸೆಕೆಂಡು ಬಿಗಿಹಿಡಿದು, ಐದು ಸೆಕೆಂಡು ಪೂರ್ತಿ ಸಡಿಲ ಬಿಡಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಕುಕ್ಕರ್ ಕೂಗುವ ತನಕ ಒಲೆಯ ಮುಂದೆ ನಿಂತೇ ಮಾಡಬಹುದು, ಯಾರಿಗೂ ತಿಳಿಯುವುದಿಲ್ಲ. ಹೊಟ್ಟೆ, ತೊಡೆ, ಪೃಷ್ಠ ಬಿಗಿಯಬಾರದು, ಉಸಿರು ಕಟ್ಟಬಾರದು. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡುವವರಿದ್ದಾರೆ, ಅದು ಬೇಡ. ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಹೆಚ್ಚಿನವರು ಎರಡನೇ ವಾರಕ್ಕೇ ಕೈಬಿಟ್ಟು, ಇದರಿಂದೇನೂ ಆಗಲಿಲ್ಲ ಎನ್ನುತ್ತಾರೆ.

ಎಲ್ಲ ಸೋರಿಕೆಯೂ ಒಂದೇ ಬಗೆಯದಲ್ಲ. ಕೆಮ್ಮಿದಾಗ ಜಾರುವುದು ಸ್ನಾಯು ಸಡಿಲವಾದ್ದರಿಂದ. ನಲ್ಲಿಯ ಸದ್ದು ಕೇಳಿದರೆ, ಮನೆಯ ಬೀಗಕ್ಕೆ ಕೀ ಹಾಕುತ್ತಿದ್ದರೆ ತಡೆಯಲಾರದಷ್ಟು ಅವಸರವಾಗುವುದು ಮೂತ್ರಕೋಶದ ಚಡಪಡಿಕೆ. ಎರಡನೆಯದಕ್ಕೆ ಮೂತ್ರಕ್ಕೆ ಹೋಗುವ ಅಂತರವನ್ನು ಹತ್ತು ಹದಿನೈದು ನಿಮಿಷದಂತೆ ಮುಂದೂಡುತ್ತಾ ಮೂತ್ರಕೋಶಕ್ಕೆ ಬುದ್ಧಿ ಕಲಿಸುತ್ತಾರೆ. ಕಾಫಿ, ಟೀ ಕಡಿಮೆ ಮಾಡಿಸುತ್ತಾರೆ. ಮಾತ್ರೆಗಳೂ ಇವೆ. ಇನ್ನು ಕೆಲವರಿಗೆ ತೊಂದರೆಯೇ ತಿರುಗುಮುರುಗು: ಸ್ನಾಯು ಸಡಿಲವಾಗಿರುವುದಿಲ್ಲ, ಸದಾ ಬಿಗಿದುಕೊಂಡೇ ಇರುತ್ತದೆ. ಮದುವೆಯಾಗಿ ವರ್ಷವಾದರೂ ಕೂಡುವುದೇ ಆಗದಷ್ಟು ನೋವು ಪಡುವ ಹುಡುಗಿಯರಲ್ಲಿ ಕಾರಣ ಹೆಚ್ಚಾಗಿ ಇದು. ಅವಳಿಗೆ ಮನಸ್ಸಿಲ್ಲ, ಹಟಮಾರಿ ಎಂದು ಎರಡು ಮನೆಯವರೂ ಮಾತಾಡಿಕೊಳ್ಳುತ್ತಾರೆ. ಅವಳ ಮೈ ಹೆದರಿ ಬಾಗಿಲು ಹಾಕಿಕೊಂಡಿದೆ. ಅಂಥವರಿಗೆ ಕೆಗೆಲ್ ಮಾಡಿಸಿದರೆ ಕೆಡುತ್ತದೆ. ಸಡಿಲ ಬಿಡುವುದನ್ನು ಕಲಿಸುವ ಫಿಸಿಯೋಥೆರಪಿ ಬೇಕು.

ಗರ್ಭಕೋಶ ಹೆಚ್ಚೇ ಇಳಿದಿದ್ದರೆ ಆಪರೇಷನ್ ಇದೆ. ಅದು ಬೇಡವೆನ್ನುವವರಿಗೆ ಸಿಲಿಕೋನ್ ಬಳೆ ಇದೆ. ಯೋನಿಯೊಳಗೆ ಕೂರಿಸಿದರೆ ಜೋಲಿಗೆ ಅಡ್ಡಗೋಲು ಕೊಟ್ಟಂತೆ ಗರ್ಭಕೋಶವನ್ನು ಎತ್ತಿ ಹಿಡಿಯುತ್ತದೆ. ಈ ಉಪಾಯ ಎಷ್ಟು ಹಳೆಯದೆಂದರೆ, ಪ್ರಾಚೀನ ಗ್ರೀಕ್ ವೈದ್ಯರು ಇದೇ ಕೆಲಸಕ್ಕೆ ದಾಳಿಂಬೆಯ ಹೋಳನ್ನು ಬಳಸುತ್ತಿದ್ದರು. ಚಿಕ್ಕಮ್ಮನಿಗೆ ಬಳೆ ಹಾಕಿದರು.

ಇನ್ನು ಬಿಳಿ ಸೆರಗು. ಬಿಳಿ ಮುಟ್ಟು, ಬಿಳುಪು ಹೋಗುವುದು ಅಂತಲೂ ಕರೆಯುತ್ತಾರೆ. ಕಾಯಿಲೆಯ ಹೆಸರಿನೊಳಗೂ ಮರೆಮಾಡುವ ಸೆರಗು ಬಂದು ಕೂತಿರುವುದು ನನಗೆ ಪ್ರತಿ ಸಲವೂ ಸೋಜಿಗ. ಊರಿನಲ್ಲಿ ಇದಕ್ಕೆ ಎರಡು ವಿವರಣೆ. ಒಂದು, ಉಷ್ಣ. ಇನ್ನೊಂದು, ಮೂಳೆ ಕರಗಿ ಹೋಗುತ್ತಿದೆ ಎಂಬುದು. ಎರಡನೆಯದನ್ನು ನಂಬಿದ ಹೆಂಗಸಿಗೆ ನಿಜವಾಗಿಯೂ ಕೈಕಾಲು ಸೋಲುತ್ತದೆ, ತಲೆ ಸುತ್ತುತ್ತದೆ. ಭಯವೂ ರಕ್ತಹೀನತೆಯೂ ಕೂಡಿದರೆ ಹಾಗೇ ಆಗುವುದು.

ಆರೋಗ್ಯವಂತ ಯೋನಿ ಒಣಗಿರುವುದಿಲ್ಲ. ಬಾಯಿಗೆ ಎಂಜಲಿದ್ದಂತೆ ಅದಕ್ಕೂ ಒಂದು ತೇವವಿದೆ. ಎರಡು ಮುಟ್ಟುಗಳ ನಡುವೆ, ಅಂಡ ಬಿಡುಗಡೆಯಾಗುವ ದಿನಗಳಲ್ಲಿ ಅದು ಮೊಟ್ಟೆಯ ಬಿಳಿಯಂತೆ ಎಳೆಯೆಳೆಯಾಗಿ ಹೆಚ್ಚುತ್ತದೆ. ಬಸಿರಿಯಲ್ಲಿ ಹೆಚ್ಚುತ್ತದೆ. ಮೈನೆರೆಯುವ ಹುಡುಗಿಗೆ ಮೊದಲ ಮುಟ್ಟಿಗೆ ಮುಂಚಿನ ತಿಂಗಳುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಜರ್ಮನಿಯ ಆಲ್ಬರ್ಟ್ ಡೋಡರ್ಲೈನ್ 1892ರಲ್ಲೇ ವಿವರಿಸಿದಂತೆ, ಅಲ್ಲಿ ಹುಳಿ ಮಾಡುವ ಬ್ಯಾಕ್ಟೀರಿಯಾಗಳ ಒಂದು ಸಂಸಾರವೇ ಇದೆ. ಮೊಸರು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾಗಳ ನೆಂಟರು ಇವು. ಆ ಹುಳಿಯೇ ಕಾವಲು. ಸೋಪು ಕ್ಷಾರ, ಡೆಟ್ಟಾಲ್ ಹಾಕಿದ ನೀರು ಕಾವಲಿನವರನ್ನೇ ಕೊಲ್ಲುತ್ತದೆ. ಈಗ ಟೀವಿಯಲ್ಲಿ ಬರುವ 'ಇಂಟಿಮೇಟ್ ವಾಶ್'ಗಳು ಇಲ್ಲದ ಕೊಳೆಯನ್ನು ಮೊದಲು ಮಾರಿ ಆಮೇಲೆ ಬಾಟಲಿ ಮಾರುತ್ತವೆ. ಹೊರಗಡೆ ಬರೀ ನೀರು ಸಾಕು. ಒಳಗೆ ಏನನ್ನೂ ಹಾಕುವುದು ಬೇಡ.

ಹಾಗಾದರೆ ಯಾವಾಗ ಗಾಬರಿಯಾಗಬೇಕು? ಒಡೆದ ಮೊಸರಿನಂತೆ ಹರಳುಹರಳಾಗಿ ತುರಿಕೆಯೊಡನೆ ಬಂದರೆ ಅದು ಫಂಗಸ್. ಪದೇ ಪದೇ ಆಗುತ್ತಿದ್ದರೆ ಸಕ್ಕರೆ ಕಾಯಿಲೆ ಇದೆಯೇ ನೋಡಬೇಕು. ತೆಳ್ಳಗೆ, ಬೂದು ಬಣ್ಣ, ಮೀನಿನ ವಾಸನೆಯಿದ್ದರೆ ಆ ಹುಳಿಯ ಸಂಸಾರ ಕದಡಿದೆ ಎಂದರ್ಥ. ಹಸಿರು ಹಳದಿ, ನೊರೆನೊರೆಯಿದ್ದರೆ ಕೂಡುವಿಕೆಯಿಂದ ಹರಡುವ ಸೋಂಕು ಇರಬಹುದು. ಆಗ ಗಂಡನಿಗೂ ಮದ್ದಾಗಬೇಕು, ಇಲ್ಲದಿದ್ದರೆ ಅವಳಿಗೆ ವಾಸಿಯಾದದ್ದು ಮತ್ತೆ ಅಂಟುತ್ತದೆ. ಜ್ವರ, ಕಿಬ್ಬೊಟ್ಟೆ ನೋವು, ಕೂಡಿದ ಮೇಲೆ ರಕ್ತ ಕಂಡರೆ ತಡಮಾಡಬಾರದು. ಇವುಗಳಲ್ಲಿ ಮೊದಲ ಮೂರಕ್ಕೆ ಕೆಲವು ದಿನಗಳ ಮಾತ್ರೆ ಸಾಕಾಗುತ್ತದೆ.

ಕೆಲವು ದಿನಗಳ ಮಾತ್ರೆಯಲ್ಲಿ ಮುಗಿಯಬೇಕಾದದ್ದಕ್ಕೆ ಗರ್ಭಕೋಶವನ್ನೇ ತೆತ್ತವರ ಕಥೆ ನಮ್ಮ ರಾಜ್ಯದಲ್ಲೇ ಇದೆ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳು ಹೊರಗೆ ಬಂದು ಮಾತಾಡಿದರು. ಬಿಳಿ ಸೆರಗು, ಸೊಂಟ ನೋವು ಎಂದು ಹೋದವರಿಗೆ ಗರ್ಭಕೋಶ ಕೆಟ್ಟಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿ ಆಪರೇಷನ್ ಮಾಡಿದ್ದರು. ಅವರಲ್ಲಿ ಎಷ್ಟೋ ಮಂದಿಗೆ ನಲವತ್ತೂ ಆಗಿರಲಿಲ್ಲ. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ಹೋಗುವ ಹೆಂಗಸರ ಇಂಥದೇ ಸುದ್ದಿ ಬಂತು. ಅಲ್ಲಿ ಮುಟ್ಟಿನ ರಜೆಗೆ ಕೂಲಿ ಕಡಿತದ ಭಯವೂ ಸೇರಿತ್ತು. ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ, ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಇಲಾಖೆ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಹೇಳಿತು.

ಮಕ್ಕಳಾದ ಮೇಲೆ ಆ ಚೀಲ ಯಾಕೆ ಬೇಕು ಎಂದು ಕೇಳುವವರು ನಮ್ಮ ಮನೆಗಳಲ್ಲೂ ಇದ್ದಾರೆ. ಜೊತೆಗೆ ಅಂಡಾಶಯವನ್ನೂ ತೆಗೆದರೆ ಮೂವತ್ತೈದರ ಹೆಂಗಸು ರಾತ್ರೋರಾತ್ರಿ ಐವತ್ತು ದಾಟಿದವಳಾಗುತ್ತಾಳೆ: ಮೈ ಬಿಸಿಯೇರುವುದು, ನಿದ್ದೆಗೇಡು, ಮೂಳೆ ಸವೆತ, ಹೃದಯದ ಅಪಾಯ. ಅಂಡಾಶಯ ಉಳಿಸಿದರೂ ಮುಟ್ಟು ನಿಲ್ಲುವ ಕಾಲ ಬೇಗ ಬರುವುದುಂಟು. ಗಡ್ಡೆಗೋ ಕ್ಯಾನ್ಸರಿಗೋ ಬೇರೆ ದಾರಿಯಿಲ್ಲದ ರಕ್ತಸ್ರಾವಕ್ಕೋ ತೆಗೆಸಬೇಕಾದವರು ತೆಗೆಸಲೇಬೇಕು. ಬರೀ ಬಿಳಿ ಸೆರಗಿಗೆ ತೆಗೆಸಿ ಎಂದರೆ ಇನ್ನೊಬ್ಬ ಡಾಕ್ಟರನ್ನು ಕೇಳದೆ ಸಹಿ ಹಾಕಬಾರದು.

ಗಂಡಸರ ಕಡೆ ಬರೋಣ, ಇಲ್ಲದಿದ್ದರೆ ಇದೆಲ್ಲ ಹೆಂಗಸರ ಸಮಾಚಾರ ಎಂದು ಪುಟ ತಿರುಗಿಸುತ್ತಾರೆ. ಹೆಂಗಸರ ಬಿಳಿ ಸೆರಗಿಗೆ ಗಂಡಸರಲ್ಲೊಂದು ಜೋಡಿಯಿದೆ: ಧಾತು ಹೋಗುವುದು. ನಿದ್ದೆಯಲ್ಲಿ ವೀರ್ಯ ಹೋದದ್ದಕ್ಕೆ, ಮೂತ್ರ ಸ್ವಲ್ಪ ಬೆಳ್ಳಗೆ ಕಂಡದ್ದಕ್ಕೆ ಮೈಯ ಸತ್ವವೇ ಬಸಿದು ಹೋಗುತ್ತಿದೆ ಎಂದು ಕೊರಗುವುದು. ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ಇದಕ್ಕೆ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಬಸ್ ಸ್ಟ್ಯಾಂಡಿನ ಮೂತ್ರಾಲಯದ ಗೋಡೆಗೆ ಅಂಟಿಸಿದ ಚೀಟಿಗಳ ವ್ಯಾಪಾರ ನಡೆಯುವುದು ಈ ಕೊರಗಿನ ಮೇಲೆ. ಹಾಸ್ಟೆಲಿನಲ್ಲಿದ್ದಾಗ ನಮ್ಮ ರೂಮಿನವನೊಬ್ಬ ಇಂಥ ಚೀಟಿಯ ವಿಳಾಸಕ್ಕೆ ಮೂರು ತಿಂಗಳ ಮೆಸ್ ದುಡ್ಡು ಸುರಿದು ಬಂದಿದ್ದ. ಅವನಿಗೆ ಏನೂ ಆಗಿರಲಿಲ್ಲ, ಹತ್ತೊಂಬತ್ತು ವರ್ಷವಾಗಿತ್ತು ಅಷ್ಟೇ.

ನಿಜವಾದ ತೊಂದರೆಗಳು ಆ ಚೀಟಿಗಳಲ್ಲಿ ಇರುವುದಿಲ್ಲ. ನಲವತ್ತು ಐವತ್ತರಲ್ಲಿ ನಿಮಿರುವಿಕೆ ಕುಗ್ಗುತ್ತಾ ಬಂದರೆ ಮೊದಲು ನೋಡಬೇಕಾದದ್ದು ಸಕ್ಕರೆ, ಬಿಪಿ ಮತ್ತು ಹೃದಯ. ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು. ಕಟ್ಟಿಕೊಳ್ಳುವುದು ಅಲ್ಲೇ ಮೊದಲು ಕಾಣುತ್ತದೆ. ಹೃದಯ ಕೆಲವು ವರ್ಷ ಮುಂಚೆ ಕಳಿಸಿದ ಕಾಗದ ಅದು. ನಾವು ಅದನ್ನು ಒಡೆದು ನೋಡದೆ 'ನಿಶ್ಶಕ್ತಿ' ಎಂದು ಬರೆದು ಲೇಹ್ಯ ತಿನ್ನುತ್ತೇವೆ. ಮುಂದೊಗಲು ಬಿರುಕುಬಿಟ್ಟು ಉರಿಯುತ್ತಿದ್ದರೂ ಸಕ್ಕರೆ ಪರೀಕ್ಷಿಸಬೇಕು.

ಅರವತ್ತಾದ ಮೇಲೆ ರಾತ್ರಿ ನಾಲ್ಕು ಸಲ ಏಳುವ ತಾತ ನಿದ್ದೆ ಬರಲ್ಲ ಎಂದು ನಿದ್ದೆ ಮಾತ್ರೆ ಕೇಳುತ್ತಾನೆ. ಮೂತ್ರಕೋಶದ ಕೆಳಗೆ ಬೆಟ್ಟದ ನೆಲ್ಲಿಕಾಯಿ ಗಾತ್ರದ ಪ್ರಾಸ್ಟೇಟ್ ಗ್ರಂಥಿ ಇದೆ, ಮೂತ್ರನಾಳ ಅದರ ನಡುವಿನಿಂದಲೇ ಹಾಯ್ದು ಬರುತ್ತದೆ. ವಯಸ್ಸಾದಂತೆ ಗ್ರಂಥಿ ಊದುತ್ತದೆ, ನಾಳ ಕಿರಿದಾಗುತ್ತದೆ. ಅರವತ್ತರ ಹೊತ್ತಿಗೆ ಅರ್ಧದಷ್ಟು ಗಂಡಸರಿಗೆ ಇದು ಶುರುವಾಗಿರುತ್ತದೆ. ಕ್ಯಾನ್ಸರ್ ಬೇರೆ, ಇದು ಬೇರೆ. ಆದರೆ ಯಾವುದೆಂದು ನೋಡಿಸಿಯೇ ಹೇಳಬೇಕು. ಮೂತ್ರ ಪೂರ್ತಿ ಕಟ್ಟಿಕೊಂಡು ಆಸ್ಪತ್ರೆಗೆ ಓಡುವ ರಾತ್ರಿಗಿಂತ ಮುಂಚೆ ಹೋದರೆ ಮಾತ್ರೆಯಲ್ಲೇ ಸಾಗುತ್ತದೆ.

ಗಡಿಯಾರ ನೋಡಿ ಓಡಬೇಕಾದ ಸಂಗತಿ ಒಂದಿದೆ, ಅದು ಹುಡುಗರದು. ಹನ್ನೆರಡರಿಂದ ಹದಿನೆಂಟರೊಳಗಿನ ಹುಡುಗ ನಡುರಾತ್ರಿ ಹೊಟ್ಟೆನೋವು ಎಂದು ಎದ್ದು ವಾಂತಿ ಮಾಡುತ್ತಾನೆ. ಮನೆಯವರು ಜೀರಿಗೆ ಕಷಾಯ ಕೊಟ್ಟು ಮಲಗಿಸುತ್ತಾರೆ. ಅವನಿಗೆ ನೋವಿರುವುದು ಬೀಜದಲ್ಲಿ, ಹೇಳಲು ನಾಚಿಕೆ. ವೃಷಣ ತನ್ನ ರಕ್ತನಾಳದ ಸುತ್ತ ತಿರುಚಿಕೊಂಡರೆ ಉಳಿಸಿಕೊಳ್ಳಲು ಸಿಗುವುದು ಸುಮಾರು ಆರು ಗಂಟೆ. ಬೆಳಗ್ಗೆ ನೋಡೋಣ ಎಂದರೆ ಬೆಳಗ್ಗೆ ಉಳಿದಿರುವುದಿಲ್ಲ. ಗಂಡುಮಗುವಿನ ತಂದೆ ಕೂರಿಸಿಕೊಂಡು ಹೇಳಬೇಕಾದ ಮಾತು ಒಂದೇ ಇದ್ದರೆ ಇದು: ಅಲ್ಲಿ ನೋವಾದರೆ ಆ ಕ್ಷಣವೇ ಎಬ್ಬಿಸು, ನಾಚಬೇಡ.

ಇನ್ನೂ ಚಿಕ್ಕವರಲ್ಲಿ ಹೆಚ್ಚಿನ ತೊಂದರೆಗಳು ಶುರುವಾಗುವುದು ಶಾಲೆಯ ಶೌಚಾಲಯದಲ್ಲಿ. ಬಾಗಿಲಿಲ್ಲ, ನೀರಿಲ್ಲ, ಇದ್ದರೂ ವಾಸನೆ. ಮಕ್ಕಳು ಒಂದಕ್ಕೂ ಎರಡಕ್ಕೂ ಸಂಜೆಯ ತನಕ ಕಟ್ಟಿಕೊಂಡು ಕೂರುತ್ತಾರೆ. ಜಾಣ ಹುಡುಗಿಯರು ನೀರಿನ ಬಾಟಲಿಯನ್ನು ತುಂಬಿದಂತೆಯೇ ಮನೆಗೆ ತರುತ್ತಾರೆ. ಮಲ ಗಟ್ಟಿಯಾಗಿ ತುಂಬಿಕೊಂಡರೆ ಅದು ಮೂತ್ರಕೋಶವನ್ನು ಒತ್ತುತ್ತದೆ, ಚಡ್ಡಿ ಒದ್ದೆಯಾಗುತ್ತದೆ, ಉರಿಮೂತ್ರ ಬರುತ್ತದೆ. ಹೆಣ್ಣುಮಕ್ಕಳ ಮೂತ್ರನಾಳ ಬೆಳೆದವರಲ್ಲೂ ನಾಲ್ಕು ಸೆಂಟಿಮೀಟರಿನಷ್ಟೇ. ಗುದದ್ವಾರದ ಸೂಕ್ಷ್ಮಾಣುಗಳಿಗೆ ಆ ದಾರಿ ದೂರವಲ್ಲ. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ಎಂಬ ಒಂದು ಪಾಠ ಜೀವಮಾನಕ್ಕೆ ಬರುತ್ತದೆ. ಐದು ವರ್ಷದ ಮಕ್ಕಳಲ್ಲಿ 100ಕ್ಕೆ 15ರಷ್ಟು ಹಾಸಿಗೆ ಒದ್ದೆ ಮಾಡುವುದುಂಟು, ಬೈದು ನಿಲ್ಲಿಸಲಾಗದು, ಬೆಳೆದಂತೆ ನಿಲ್ಲುತ್ತದೆ. ಪುಟ್ಟ ಗಂಡುಮಗುವಿನ ಮುಂದೊಗಲು ಹಿಂದೆ ಸರಿಯದಿರುವುದು ಸಹಜ. ಎಣ್ಣೆ ಹಚ್ಚಿ ಎಳೆಯುವ ಅಜ್ಜಿಯರನ್ನು ತಡೆಯಬೇಕು.

ಮಕ್ಕಳಿಗೆ ಕಣ್ಣು, ಮೂಗು ಕಲಿಸುವಾಗಲೇ ಆ ಭಾಗಗಳ ಹೆಸರನ್ನೂ ಕಲಿಸುವುದು ಒಳ್ಳೆಯದು. ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದರೆ ಹೇಳಲು ಮಗುವಿಗೆ ಪದ ಬೇಕು. 2012ರ ಪೋಕ್ಸೊ ಕಾಯ್ದೆ ಎಷ್ಟೇ ಗಟ್ಟಿಯಾಗಿದ್ದರೂ ಮಗುವಿನ ಬಾಯಿಂದ ಮಾತು ಹೊರಟಮೇಲಷ್ಟೇ ಅದರ ಕೆಲಸ.

ಮುಟ್ಟಿನ ಬಗ್ಗೆ ಈಗ ಮಾತು ಹೆಚ್ಚಿದೆ, 'ಕಾಗೆ ಮುಟ್ಟಿದೆ' ಎನ್ನುತ್ತಿದ್ದ ಊರುಗಳಲ್ಲಿ 'ಪೀರಿಯಡ್ಸ್' ಎನ್ನುತ್ತಾರೆ. ಆದರೂ ಹುಡುಗಿ ನೋವಿಗೆ ಶಾಲೆ ಬಿಟ್ಟು ಹಾಸಿಗೆ ಹಿಡಿದರೆ ಸಿಗುವ ಉತ್ತರ ಹಳೆಯದೇ, ಮದುವೆಯಾದರೆ ಸರಿಹೋಗುತ್ತೆ. ಮೊದಲೆರಡು ವರ್ಷ ತಿಂಗಳು ಹಿಂದೆಮುಂದೆ ಆಗುವುದು ಸಹಜ. ತಿಂಗಳು ತಿಂಗಳು ಏಳಲಾಗದಷ್ಟು ನೋವು ಸಹಜವಲ್ಲ. ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೂ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇರಬಹುದು. ಜಗತ್ತಿನಲ್ಲಿ ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ ಒಬ್ಬರಿಗೆ ಅದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹದಿನೈದಾದರೂ ಮುಟ್ಟಾಗದೆ ತಿಂಗಳಿಗೊಮ್ಮೆ ಹೊಟ್ಟೆ ಮಾತ್ರ ನೋಯುತ್ತಿದ್ದರೆ ದಾರಿ ಮುಚ್ಚಿರಬಹುದು, ಸಣ್ಣ ಆಪರೇಷನ್ನಿನಲ್ಲಿ ತೆರೆಯುತ್ತದೆ.

ಮುಟ್ಟು ನಿಂತವರ ವಿಷಯದಲ್ಲಿ ನನಗೆ ಹೆಚ್ಚು ಆತಂಕವಾಗುವುದು ಒಂದು ನಗುವಿನಿಂದ. ನಿಂತು ಐದು ವರ್ಷವಾದ ಅತ್ತೆಗೆ ಮತ್ತೆ ರಕ್ತ ಕಂಡಿತಂತೆ, ಪ್ರಾಯ ಬಂತು ಎಂದು ಸೊಸೆಯರು ನಕ್ಕರಂತೆ. ಒಂದು ವರ್ಷ ಪೂರ್ತಿ ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಅದೇ ವಾರ ತೋರಿಸಬೇಕು. ಬಹಳ ಸಲ ಒಣಗಿದ ಒಳಪದರದ ಗಾಯವಷ್ಟೇ ಇರುತ್ತದೆ. ಹಚ್ಚುವ ಈಸ್ಟ್ರೋಜೆನ್ ಮುಲಾಮಿನಲ್ಲಿ ಆ ಒಣಗು, ಉರಿ, ಪದೇ ಪದೇ ಬರುವ ಉರಿಮೂತ್ರ ಎಲ್ಲವೂ ಇಳಿಯುತ್ತದೆ. ಕೆಲವು ಸಲ ಗರ್ಭಕೋಶದ ಕ್ಯಾನ್ಸರಿನ ಮೊದಲ ಸುಳಿವು ಅದೇ.

ಗರ್ಭಕೊರಳಿನ ಕ್ಯಾನ್ಸರ್ ಬೇರೆ ಬಗೆ. 2022ರ ಜಾಗತಿಕ ಅಂದಾಜಿನಲ್ಲಿ ಭಾರತದಲ್ಲಿ ಆ ವರ್ಷ ಹೊಸದಾಗಿ 1.27 ಲಕ್ಷ ಮಂದಿಗೆ ಬಂದಿದೆ, ಸುಮಾರು 80 ಸಾವಿರ ಮಂದಿ ಸತ್ತಿದ್ದಾರೆ. ಇದಕ್ಕೆ ಕಾರಣವಾದ ಎಚ್‌ಪಿವಿ ವೈರಾಣುವಿನ ಸೋಂಕು ಕ್ಯಾನ್ಸರ್ ಆಗಲು ಹತ್ತಾರು ವರ್ಷ ತೆಗೆದುಕೊಳ್ಳುತ್ತದೆ. ಅಷ್ಟು ಸಾವಕಾಶ ಕೊಡುವ ಶತ್ರುವಿಗೂ ನಾವು ಇಷ್ಟು ಜನರನ್ನು ಕೊಡುತ್ತಿದ್ದೇವೆ. ಪರೀಕ್ಷೆಗೆ ಬೇಕಾಗುವುದು ವಿನಿಗರ್‌ನಲ್ಲಿರುವ ಅದೇ ಅಸಿಟಿಕ್ ಆಮ್ಲ: ಗರ್ಭಕೊರಳಿಗೆ ಸವರಿ ಒಂದು ನಿಮಿಷ ಕಾದರೆ ಕೆಟ್ಟ ಜಾಗ ಬೆಳ್ಳಗಾಗುತ್ತದೆ. ಮೂವತ್ತು ದಾಟಿದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾಡಬೇಕೆಂಬ ಕಾರ್ಯಕ್ರಮವೇ ಇದೆ. ಹದಿವಯಸ್ಸಿನ ಮಕ್ಕಳಿಗೆ ಲಸಿಕೆಯಿದೆ; ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ 2023ರಿಂದ ಸಿಗುತ್ತಿದೆ.

ಚಿಕ್ಕಮ್ಮ ಈಗ ಮೂರು ತಿಂಗಳಿಗೊಮ್ಮೆ ಬಳೆ ತೋರಿಸಿಕೊಂಡು ಬರುತ್ತಾಳೆ. ಮದುವೆಗೆ ಹೋದರೆ ನೀರು ಕುಡಿಯುತ್ತಾಳೆ, ಮೊದಲು ಕುಡಿಯುತ್ತಿರಲಿಲ್ಲ. ಹೋದ ಸಲ ಪಕ್ಕದ ಮನೆಯ ಜಯಕ್ಕನನ್ನೂ ಕರೆದುಕೊಂಡು ಹೋಗಿದ್ದಳು. ಒಳಗೆ ಡಾಕ್ಟರು ಏನು ತೊಂದರೆ ಎಂದು ಕೇಳಿದ್ದಕ್ಕೆ ಜಯಕ್ಕ ಸೀರೆಯ ಅಂಚು ತಿರುವುತ್ತಾ "ಸೊಂಟ ನೋವು ತಾಯಿ" ಅಂದಳಂತೆ.

"ಸೊಂಟ ಅಲ್ಲ ಡಾಕ್ಟ್ರೇ," ಎಂದಳಂತೆ ನಮ್ಮ ಚಿಕ್ಕಮ್ಮ ಹಿಂದಿನ ಸ್ಟೂಲಿನಿಂದ, "ಮಂಚ ಹತ್ತಿಸಿ, ಪರದೆ ಎಳೀರಿ."